ಬಾಲಚುಕ್ಕಿ, ಉಲ್ಕೆ, ಕ್ಷುದ್ರಗ್ರಹ: ಕನ್ನಡ ವಿಜ್ಞಾನ ಗದ್ಯ ಮತ್ತು ನಾಲ್ಕು ತಾಲ್ಲೂಕುಗಳ ಆಕಾಶ

ಆಧುನಿಕ ಕನ್ನಡದಲ್ಲಿ ವಿಜ್ಞಾನ ಬರವಣಿಗೆಗೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಈ ಇತಿಹಾಸವನ್ನು ನಿರೂಪಿಸುವವರು ಸಾಮಾನ್ಯವಾಗಿ ಗ್ರಂಥಗಳನ್ನೂ ಲೇಖಕರನ್ನೂ ಪಾರಿಭಾಷಿಕ ಪದಗಳನ್ನೂ ಪಟ್ಟಿಮಾಡುತ್ತಾರೆ. ಆ ಗದ್ಯ ಯಾರನ್ನು ಉದ್ದೇಶಿಸಿ ಮಾತನಾಡುತ್ತದೆ, ಯಾವ ನೆಲದ ಮೇಲೆ ನಿಂತು ಆಕಾಶವನ್ನು ನೋಡುತ್ತದೆ ಎಂಬ ಪ್ರಶ್ನೆಗಳು ವಿಮರ್ಶೆಯ ವಿಷಯವಾದದ್ದು ವಿರಳ. ಕಾವ್ಯಕ್ಕೆ ಅನ್ವಯಿಸುವ ದೇಶಕಾಲದ ವಿವೇಚನೆ ಶಾಸ್ತ್ರಸಾಹಿತ್ಯಕ್ಕೆ ಅಗತ್ಯವಿಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಗುರುತ್ವದ ನಿಯಮ ಎಲ್ಲೆಡೆಯೂ ಒಂದೇ ಎಂಬುದು ನಿಜ. ಆದರೆ ಆಕಾಶ ಎಲ್ಲೆಡೆಯಿಂದಲೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಧೂಮಕೇತು, ಉಲ್ಕೆ ಮತ್ತು ಕ್ಷುದ್ರಗ್ರಹಗಳನ್ನು ಕುರಿತ ಕನ್ನಡ ಬರವಣಿಗೆಯನ್ನು ಪರೀಕ್ಷಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಈ ಪರೀಕ್ಷೆಗೆ ತುಮಕೂರು ಜಿಲ್ಲೆಯ ಉತ್ತರ ಹಾಗೂ ಪೂರ್ವಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒರೆಗಲ್ಲಾಗಿ ಇಟ್ಟುಕೊಳ್ಳಲು ಸಕಾರಣವಿದೆ. ಇವು ಉತ್ತರ ಅಕ್ಷಾಂಶ 13.5ರಿಂದ 14.1 ಡಿಗ್ರಿಗಳ ಆಸುಪಾಸಿನಲ್ಲಿವೆ. ಮಳೆನೆರಳಿನ ಈ ಸೀಮೆಯಲ್ಲಿ, ವಿಶೇಷವಾಗಿ ಪಾವಗಡ ಮತ್ತು ಶಿರಾಗಳಲ್ಲಿ, ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಇವುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದ್ದು ಈ ಒಣ ಹವೆಯ ಕಾರಣದಿಂದಲೇ. ಬೇಸಾಯಕ್ಕೆ ಶಾಪವಾದ ನಿರಭ್ರ ಆಕಾಶ ನಕ್ಷತ್ರವೀಕ್ಷಣೆಗೆ ವರವಾಗಬೇಕಿತ್ತು. ಕನ್ನಡದ ಖಗೋಳ ಗದ್ಯ ಇಂಥ ಸೀಮೆಯ ಓದುಗನಿಗೆ ಏನು ಕೊಟ್ಟಿದೆ, ಏನನ್ನು ಕೊಡದೆ ಬಿಟ್ಟಿದೆ ಎಂಬುದು ಇಲ್ಲಿನ ವಿಚಾರ.

1. ಹೆಸರುಗಳು ಹೊತ್ತು ತಂದ ಅರ್ಥ

ಕನ್ನಡದಲ್ಲಿ ಆಕಾಶದ ಉತ್ಪಾತಗಳ ವಿವೇಚನೆ ಹೊಸದಲ್ಲ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' (ಸುಮಾರು 1025) ಪಂಚಾಂಗ, ಮಳೆ, ಕೃಷಿ, ವೈದ್ಯ ಮೊದಲಾದ ಲೋಕೋಪಯೋಗಿ ವಿಷಯಗಳನ್ನು ಒಟ್ಟಿಗೆ ತಂದ ಗ್ರಂಥ. ಅರ್ಹದ್ದಾಸನ 'ರಟ್ಟಮತ' (ಸುಮಾರು 1300) ಮಳೆ, ಸಿಡಿಲು, ಭೂಕಂಪ, ಶಕುನಗಳನ್ನು ವಿಷಯವಾಗುಳ್ಳದ್ದು. ಇವುಗಳ ಹಿಂದಿರುವ ಸಂಹಿತಾ ಪರಂಪರೆಯ ಪ್ರಮುಖ ಆಕರ ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'. ಅದರಲ್ಲಿ ಕೇತುಗಳಿಗೂ ಉಲ್ಕೆಗಳಿಗೂ ಪ್ರತ್ಯೇಕ ಅಧ್ಯಾಯಗಳಿವೆ. ಉಲ್ಕೆಯ ವರ್ಗವನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಭಾಗಿಸಿರುವುದು ನೋಡಿದ್ದನ್ನು ವಿಂಗಡಿಸುವ ಪ್ರಯತ್ನವೇ ಆಗಿದೆ. ಸಿಡಿಲು ಮಿಂಚುಗಳೂ ಅದರೊಳಗೆ ಸೇರಿದ್ದು ಅಂದಿನ ತಿಳಿವಳಿಕೆಯ ಮಿತಿ. ಇದಕ್ಕಿಂತ ಮುಖ್ಯವಾದದ್ದು, ಕೇತುವಿನ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲಾಗದು ಎಂಬ ಆತನ ಒಪ್ಪಿಗೆ.

ಈ ಒಪ್ಪಿಗೆಯನ್ನು ಆಧುನಿಕ ಬರವಣಿಗೆ ಎರಡು ರೀತಿಯಲ್ಲಿ ತಪ್ಪಾಗಿ ಬಳಸಿಕೊಂಡಿದೆ. ಒಂದು ವರ್ಗದ ಲೇಖನಗಳು ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸಲು ವರಾಹಮಿಹಿರನನ್ನು ಉಲ್ಲೇಖಿಸುತ್ತವೆ. ಇನ್ನೊಂದು ವರ್ಗ ಆತನನ್ನು ಮೌಢ್ಯದ ಮೂಲಪುರುಷನೆಂದು ತಳ್ಳಿಹಾಕುತ್ತದೆ. ಎರಡೂ ನಿಲುವುಗಳು ಆ ಮಾತಿನ ಪ್ರಾಮಾಣಿಕತೆಯನ್ನು ಕಾಣುವುದಿಲ್ಲ. ಎಡ್ಮಂಡ್ ಹ್ಯಾಲಿ 1705ರಲ್ಲಿ ಧೂಮಕೇತುಗಳ ಪಥಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸುವವರೆಗೆ, ಅವನು ಮುನ್ಸೂಚಿಸಿದ ಕಾಯ 1758ರ ಡಿಸೆಂಬರಿನಲ್ಲಿ ಮರಳಿ ಕಾಣಿಸಿಕೊಳ್ಳುವವರೆಗೆ, ಜಗತ್ತಿನ ಯಾವ ದೇಶದಲ್ಲೂ ಧೂಮಕೇತುವಿನ ಆಗಮನ ಗಣಿತಕ್ಕೆ ಸಿಕ್ಕಿರಲಿಲ್ಲ.

ಗಣಿತಕ್ಕೆ ಸಿಗದಿದ್ದುದರ ಪರಿಣಾಮ ಶಾಸನಗಳಲ್ಲಿಯೂ ಇದೆ. ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು. ಕನ್ನಡ ನಾಡಿನ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಾಂತಿ, ವ್ಯತೀಪಾತಗಳ ಉಲ್ಲೇಖ ಹೇರಳವಾಗಿದೆ, ಗ್ರಹಣೋಲ್ಲೇಖಗಳು ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರಂಥ ಸಂಶೋಧಕರಿಗೆ ಖಗೋಳ ಚರಿತ್ರೆಯ ಆಕರಗಳಾಗಿಯೂ ಒದಗಿವೆ. ಗ್ರಹಣ ಪಂಚಾಂಗದಲ್ಲಿ ಮೊದಲೇ ತಿಳಿಯುವ ಪುಣ್ಯಕಾಲ. ಅದಕ್ಕೆ ದಾನವನ್ನು ಸಿದ್ಧಪಡಿಸಿಕೊಳ್ಳಬಹುದು. ಧೂಮಕೇತು ಹೇಳದೆ ಬರುವ ಅತಿಥಿ; ಅದರ ಹೆಸರಿನಲ್ಲಿ ಭೂಮಿ ಧಾರೆಯೆರೆಯುವ ಪದ್ಧತಿ ಇರಲಿಲ್ಲ. ಎಣಿಕೆಗೆ ಸಿಕ್ಕಿದ್ದು ಪುಣ್ಯಕಾಲವಾಯಿತು, ಸಿಗದಿದ್ದು ಉತ್ಪಾತವಾಯಿತು. ಭಯದ ಮೂಲ ಇರುವುದು ಈ ವಿಭಜನೆಯಲ್ಲಿ.

'ಧೂಮಕೇತು' ಎಂಬ ಪದದ ಭಾರವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಹೊಗೆಯನ್ನೇ ಬಾವುಟವಾಗುಳ್ಳದ್ದು ಎಂಬ ಪದಾರ್ಥ ವಸ್ತುಸ್ಥಿತಿಗೆ ಹತ್ತಿರವಾದದ್ದೇ. ಸೂರ್ಯನ ಸಮೀಪಕ್ಕೆ ಬಂದ ಹಿಮಕಾಯದಿಂದ ಅನಿಲವೂ ಧೂಳೂ ಹೊರಟು ಬಾಲವಾಗಿ ಚಾಚಿಕೊಳ್ಳುತ್ತವೆ. ಮನೆಮನೆಯಲ್ಲಿ ಹೇಳುವ ಗಣಪತಿಯ ನಾಮಗಳಲ್ಲಿ ಧೂಮಕೇತು ಎಂಬುದೂ ಒಂದು. ಆದರೆ ವ್ಯವಹಾರದಲ್ಲಿ ಈ ಪದ ಕುಲಕ್ಕೋ ರಾಜ್ಯಕ್ಕೋ ಕೇಡು ತರುವವನೆಂಬ ಅರ್ಥವನ್ನು ಗಳಿಸಿಕೊಂಡಿದೆ. ಜೊತೆಗೆ, ಪಂಚಾಂಗದ ನವಗ್ರಹಗಳಲ್ಲೊಂದಾದ ಕೇತು ಚಂದ್ರಪಥದ ಪಾತಬಿಂದು. ಸಂಹಿತೆಗಳ ಕೇತು ಬಾಲವುಳ್ಳ ಕಾಯ. ಎರಡಕ್ಕೂ ಸಂಬಂಧವಿಲ್ಲ. ಇವು ಬೇರೆ ಬೇರೆ ಎಂದು ಸ್ಪಷ್ಟವಾಗಿ ಹೇಳದೆ ಮುಂದುವರಿಯುವ ಲೇಖನ ಓದುಗನ ಮನಸ್ಸಿನಲ್ಲಿ ಜಾತಕದ ಕೇತುವನ್ನೇ ಆಕಾಶದಲ್ಲಿ ನಿಲ್ಲಿಸುತ್ತದೆ.

ಇದಕ್ಕೆ ಪ್ರತಿಯಾಗಿ ಜನಬಳಕೆಯ 'ಬಾಲಚುಕ್ಕಿ' ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುವ ಹೆಸರು. ಪಾವಗಡ ತಾಲ್ಲೂಕು ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿದಿದ್ದು, ಕನ್ನಡ ತೆಲುಗುಗಳೆರಡೂ ಅಲ್ಲಿನ ಮನೆಮಾತುಗಳು. ತೆಲುಗಿನ 'ತೋಕಚುಕ್ಕ' ಕನ್ನಡದ ಬಾಲಚುಕ್ಕಿಯ ಒಡಹುಟ್ಟು. ಗಮನಿಸಬೇಕಾದದ್ದೆಂದರೆ, ತೆಲುಗಿನಲ್ಲಿ ಈ ಪದ ಬರಹದ ಭಾಷೆಯಲ್ಲೂ ಪೂರ್ಣ ಮನ್ನಣೆ ಪಡೆದಿದೆ. ಹ್ಯಾಲಿ ಧೂಮಕೇತು ಬಂದ 1910ರಲ್ಲೇ ಗುರಜಾಡ ಅಪ್ಪಾರಾವ್ ತಮ್ಮ 'ಮುತ್ಯಾಲ ಸರಾಲು' ಕವಿತೆಯಲ್ಲಿ ಅದನ್ನು ಅನಿಷ್ಟಸೂಚಕವೆಂದು ಕಾಣದೆ ಆತ್ಮೀಯತೆಯಿಂದ ಬರಮಾಡಿಕೊಂಡರು. ಕನ್ನಡದಲ್ಲಿ ಬಾಲಚುಕ್ಕಿ ಬಹುಮಟ್ಟಿಗೆ ಮಕ್ಕಳ ಪುಸ್ತಕಗಳಿಗೆ ಸೀಮಿತವಾಗಿ, ಪ್ರೌಢ ಗದ್ಯದಲ್ಲಿ ಧೂಮಕೇತುವಿನ ಪಕ್ಕದ ಕಂಸದೊಳಗೆ ಕುಳಿತಿತು. ಒಂದೇ ತಾಲ್ಲೂಕಿನ ಎರಡು ಮನೆಮಾತುಗಳಲ್ಲಿ ಒಂದರ ಪದ ಶಾಸ್ತ್ರಕ್ಕೆ ಏರಿತು, ಇನ್ನೊಂದರದು ಮನೆಯಲ್ಲೇ ಉಳಿಯಿತು.

2. ಭಯನಿವಾರಣೆಯ ಗದ್ಯ: ಸಾಧನೆ ಮತ್ತು ಮಿತಿ

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ಆರಂಭಿಸಿದ 'ವಿಜ್ಞಾನ' ಪತ್ರಿಕೆಯಿಂದ ಕನ್ನಡದ ವ್ಯವಸ್ಥಿತ ವಿಜ್ಞಾನ ಪ್ರಸಾರವನ್ನು ಗುರುತಿಸುವುದು ವಾಡಿಕೆ. ಭೌತಶಾಸ್ತ್ರದ ಅಧ್ಯಾಪಕರೂ ಪ್ರಾಚೀನ ಕಾವ್ಯಗಳ ಸಂಪಾದಕರೂ ಆಗಿದ್ದ ವೆಂಕಟನಾರಣಪ್ಪನವರು ತುಮಕೂರು ತಾಲ್ಲೂಕಿನ ಬೆಳ್ಳಾವಿಯವರು. ಈ ನಾಲ್ಕು ತಾಲ್ಲೂಕುಗಳಿಗೆ ದೂರದವರಲ್ಲ. ಅಲ್ಪಾಯುಷಿಯಾದ ಆ ಪತ್ರಿಕೆಯ ತರುವಾಯ ಶಿವರಾಮ ಕಾರಂತರ 'ಬಾಲಪ್ರಪಂಚ' (1936) ಮತ್ತು 'ವಿಜ್ಞಾನ ಪ್ರಪಂಚ' ಸಂಪುಟಗಳು, ಆರ್. ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು', ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ', ಅದರ ವಿಜ್ಞಾನ ವಿಭಾಗದ ಹೊಣೆ ಹೊತ್ತಿದ್ದ ಜಿ. ಟಿ. ನಾರಾಯಣ ರಾವ್ ಅವರ ಖಗೋಳ ಕೃತಿಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಇವೆಲ್ಲ ಸೇರಿ ಒಂದು ಗಟ್ಟಿಯಾದ ಪರಂಪರೆ ರೂಪುಗೊಂಡಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದ ಎಚ್. ನರಸಿಂಹಯ್ಯನವರು ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ವೈಚಾರಿಕ ಹೋರಾಟವೂ ಈ ಪರಂಪರೆಯ ನೈತಿಕ ಬಲವಾಗಿತ್ತು.

ಈ ಪರಂಪರೆ ಧೂಮಕೇತುವಿನ ವಿಷಯದಲ್ಲಿ ಸಾಧಿಸಿದ್ದು ಸಣ್ಣದಲ್ಲ. 1910ರ ಮೇ ತಿಂಗಳಲ್ಲಿ ಭೂಮಿ ಹ್ಯಾಲಿ ಧೂಮಕೇತುವಿನ ಬಾಲದ ಮೂಲಕ ಹಾದುಹೋಗುವುದೆಂಬ ಸುದ್ದಿ ಯೂರೋಪ್, ಅಮೆರಿಕಗಳಲ್ಲಿಯೂ ಗಾಬರಿಯೆಬ್ಬಿಸಿತ್ತು. ವಿಷಾನಿಲದಿಂದ ಪಾರುಮಾಡುವ ಗುಳಿಗೆಗಳೂ ಅಲ್ಲಿ ಮಾರಾಟವಾದವು. 1986ರಲ್ಲಿ ಅದೇ ಧೂಮಕೇತು ಮರಳಿದಾಗ ಕನ್ನಡದ ಓದುಗ ಅದನ್ನು ಭೇಟಿಗೆ ಬಂದ ಕಾಯವೆಂದು ಎದುರುನೋಡುವ ಮಟ್ಟಕ್ಕೆ ಬಂದಿದ್ದ. ಆ ವರ್ಷದ ಮಾರ್ಚ್‌ನಲ್ಲಿ ಜಿಯೊಟ್ಟೊ ನೌಕೆ ಅದರ ಬೀಜದಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಹಾದು, ಸುಮಾರು 15 ಕಿಲೋಮೀಟರ್ ಉದ್ದದ, ಇದ್ದಿಲಿನಷ್ಟು ಕಪ್ಪಾದ ಒಡಲನ್ನು ಕಂಡಿತು. ಎರಡು ಆಗಮನಗಳ ನಡುವಿನ 76 ವರ್ಷಗಳಲ್ಲಿ ಓದುಗನ ಮನಸ್ಸನ್ನು ಹದಗೊಳಿಸಿದ ಶ್ರೇಯಸ್ಸಿನಲ್ಲಿ ಕನ್ನಡ ಗದ್ಯಕ್ಕೂ ಪಾಲಿದೆ.

ಮಿತಿಯಿರುವುದು ಬೇರೆಡೆ. ಭಯನಿವಾರಣೆಯನ್ನೇ ಮುಖ್ಯ ಗುರಿಯಾಗಿಸಿಕೊಂಡ ಗದ್ಯ ಓದುಗನನ್ನು ರೋಗಿಯ ಸ್ಥಾನದಲ್ಲಿ ಕೂರಿಸುತ್ತದೆ. ಅವನಿಗೆ ಮೊದಲು ಮೌಢ್ಯವಿದೆಯೆಂದು ಭಾವಿಸಿ, ಅದನ್ನು ನಿವಾರಿಸಿದೊಡನೆ ಲೇಖನ ಮುಗಿಯುತ್ತದೆ. ಭಯ ಹೋದ ಮೇಲೆ ಅವನು ಏನು ನೋಡಬೇಕು, ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಎಂಬುದು ಅದರ ಕಾಳಜಿಯಾಗುವುದು ಅಪರೂಪ. ವಾಕ್ಯರಚನೆಯಲ್ಲೂ ಈ ಧೋರಣೆಯ ಗುರುತುಗಳಿವೆ. 'ಕರೆಯಲ್ಪಡುತ್ತದೆ', 'ಪರಿಗಣಿಸಲಾಗಿದೆ', 'ಕಂಡುಹಿಡಿಯಲಾಯಿತು' ಎಂಬ ಕರ್ಮಣಿ ರೂಪಗಳಲ್ಲಿ ನೋಡುವವನೇ ಇರುವುದಿಲ್ಲ. ಇಂಗ್ಲಿಷ್ ಮೂಲದ ನೆರಳಾದ ಈ ರಚನೆ ಆಕಾಶವನ್ನು ಯಾರೂ ನಿಂತು ನೋಡದ ವಸ್ತುವನ್ನಾಗಿ ಮಾಡುತ್ತದೆ. ತಾವೇ ತಂಡಗಳನ್ನು ಕಟ್ಟಿಕೊಂಡು ನಕ್ಷತ್ರಗಳನ್ನು ತೋರಿಸುತ್ತಿದ್ದ ಜಿ. ಟಿ. ನಾರಾಯಣ ರಾವ್ ಅವರ ಬರವಣಿಗೆ ಈ ಸಾಮಾನ್ಯ ದೋಷಕ್ಕೆ ಅಪವಾದ. ಅವರ ಗದ್ಯದ ಸಂಸ್ಕೃತಭೂಯಿಷ್ಠತೆಯನ್ನು ಟೀಕಿಸುವವರೂ ಅದರಲ್ಲಿ ಕೈಚಾಚಿ ತೋರಿಸುವ ಒಬ್ಬ ವ್ಯಕ್ತಿ ಇದ್ದಾನೆಂಬುದನ್ನು ಅಲ್ಲಗಳೆಯಲಾರರು.

3. ಎರವಲು ತಂದ ಅಕ್ಷಾಂಶ

ಉಲ್ಕಾವೃಷ್ಟಿಗಳನ್ನು ಕುರಿತ ಲೇಖನಗಳಲ್ಲಿ ಈ ಕೊರತೆಯನ್ನು ಅಂಕಿಗಳಿಂದಲೇ ತೋರಿಸಬಹುದು. ಪತ್ರಿಕೆಗಳಲ್ಲಿ ಪ್ರತಿವರ್ಷ ಹೆಚ್ಚು ಪ್ರಚಾರ ಪಡೆಯುವುದು ಆಗಸ್ಟ್ 12–13ರ ಪರ್ಸೀಡ್ ಉಲ್ಕಾವೃಷ್ಟಿ. ಅದು ಬೇಸಿಗೆಯ ರಜೆಯಲ್ಲಿ ಬಯಲಿನಲ್ಲಿ ಮಲಗಿ ನೋಡುವ ಯೂರೋಪ್, ಅಮೆರಿಕಗಳ ಜನಕ್ಕೆ ಪ್ರಿಯವಾದದ್ದು. ಉಲ್ಕೆಗಳು ಹೊಮ್ಮುವಂತೆ ತೋರುವ ಬಿಂದು ಅಲ್ಲಿ 50 ಡಿಗ್ರಿ ಅಕ್ಷಾಂಶದವನಿಗೆ ನೆತ್ತಿಯ ಸಮೀಪಕ್ಕೆ ಏರುತ್ತದೆ. ಮಧುಗಿರಿಯಲ್ಲಿ ಅದು ಎಷ್ಟೇ ಏರಿದರೂ ಸುಮಾರು 45 ಡಿಗ್ರಿಯನ್ನು ದಾಟಿ ಹೆಚ್ಚು ಹೋಗದು. ಅದೂ ಬೆಳಗಿನ ಜಾವದಲ್ಲಿ. ಇದಕ್ಕಿಂತ ದೊಡ್ಡ ಅಡ್ಡಿ ಮೋಡ. ಆಗಸ್ಟ್ ತಿಂಗಳಲ್ಲಿ ಈ ಸೀಮೆಗೆ ಮಳೆ ಬಾರದಿದ್ದರೂ ಮೋಡ ಬರುತ್ತದೆ. ಸುರಿಯದೆ ಹಾದುಹೋಗುವ ಮೋಡದ ಪರಿಚಯ ಪಾವಗಡದ ರೈತನಿಗೆ ಹೊಸದಾಗಿ ಆಗಬೇಕಾಗಿಲ್ಲ. ಹೀಗೆ ವರ್ಷವರ್ಷವೂ ಕಾಣದ ದೃಶ್ಯಕ್ಕೆ ಓದುಗನನ್ನು ಆಹ್ವಾನಿಸುವ ಲೇಖನ ಅವನಲ್ಲಿ ಖಗೋಳದ ಬಗ್ಗೆ ಅವಿಶ್ವಾಸವನ್ನೇ ಬೆಳೆಸುತ್ತದೆ.

ಡಿಸೆಂಬರ್ 13–14ರ ಜೆಮಿನಿಡ್ ಉಲ್ಕಾವೃಷ್ಟಿಯ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಆ ವೇಳೆಗೆ ಹಿಂಗಾರು ಬಹುಮಟ್ಟಿಗೆ ಹಿಂದೆಗೆದಿರುತ್ತದೆ. ಹೊಮ್ಮುಬಿಂದು ರಾತ್ರಿ 2ರ ಸುಮಾರಿಗೆ 70 ಡಿಗ್ರಿಯಷ್ಟು ಎತ್ತರಕ್ಕೆ ಬರುತ್ತದೆ. ಆದರ್ಶ ಸ್ಥಿತಿಯಲ್ಲಿ ಗಂಟೆಗೆ ನೂರಕ್ಕೂ ಹೆಚ್ಚು ಉಲ್ಕೆಗಳನ್ನು ಕೊಡಬಲ್ಲ ಈ ವೃಷ್ಟಿಯ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದವು. ಆದ್ದರಿಂದ ಕಣ್ಣು ಹಿಡಿಯುವಷ್ಟು ನಿಧಾನವಾಗಿ ಸಾಗುತ್ತವೆ. ಇದರ ಮೂಲ ಧೂಮಕೇತುವಲ್ಲ. 3200 ಫೀಥಾನ್ ಎಂಬ, ಕ್ಷುದ್ರಗ್ರಹವೆಂದು ಎಣಿಸಲ್ಪಟ್ಟ ಕಾಯ. ಧೂಮಕೇತು ಮತ್ತು ಕ್ಷುದ್ರಗ್ರಹಗಳ ನಡುವಣ ಗೆರೆ ಎಷ್ಟು ತೆಳುವೆಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಹ್ಯಾಲಿ ಧೂಮಕೇತುವಿನ ವಿಷಯದಲ್ಲೂ ಇದೇ ಮಾತು. ಅದು ಮತ್ತೆ ಸೂರ್ಯನ ಸಮೀಪಕ್ಕೆ ಬರುವುದು 2061ರ ಜುಲೈನಲ್ಲಿ ಎಂದು ಹೇಳಿ ಲೇಖನಗಳು ಮುಗಿಯುತ್ತವೆ. ಓದುಗ ಅಲ್ಲಿಯವರೆಗೆ ಕಾಯಬೇಕಷ್ಟೆ. ಆದರೆ ಆ ಧೂಮಕೇತು ಚೆಲ್ಲಿದ ಧೂಳಿನ ಹಾದಿಯನ್ನು ಭೂಮಿ ವರ್ಷಕ್ಕೆ ಎರಡು ಬಾರಿ ಹಾಯುತ್ತದೆ. ಅಕ್ಟೋಬರ್ 21ರ ಸುಮಾರಿನ ಒರಿಯಾನಿಡ್‌ಗಳ ಹೊಮ್ಮುಬಿಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಳಗಿನ ಜಾವಕ್ಕೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತದೆ. ಮೇ 5–6ರ ಸುಮಾರಿನ ಈಟ ಅಕ್ವೇರಿಡ್‌ಗಳ ಬಿಂದು ಇಲ್ಲಿ ರಾತ್ರಿ 2ರ ಹೊತ್ತಿಗೆ ಮೂಡಿ, ಬೆಳಕು ಹರಿಯುವ ಮುನ್ನ ಸಾಕಷ್ಟು ಮೇಲೇರುತ್ತದೆ. ಉತ್ತರ ಯೂರೋಪಿನವನಿಗೆ ಅದು ದಿಗಂತದ ಬಳಿ ಇರುವಾಗಲೇ ಬೆಳಗಾಗುತ್ತದೆ. ಅಲ್ಲಿನ ಪುಸ್ತಕಗಳಲ್ಲಿ ಇದಕ್ಕೆ ಗೌಣ ಸ್ಥಾನವಿರುವುದು ಸಹಜ. ಅವನ್ನು ಆಧರಿಸಿದ ಕನ್ನಡ ಲೇಖನಗಳೂ ಇದನ್ನು ಗೌಣವಾಗಿಸಿದರೆ, ಹ್ಯಾಲಿಯ ಧೂಳನ್ನು ವರ್ಷಕ್ಕೆರಡು ಬಾರಿ ನೋಡಬಲ್ಲ ಓದುಗನಿಗೆ ಅದು ಜೀವಮಾನಕ್ಕೊಮ್ಮೆಯ ವಸ್ತುವೆಂದು ಹೇಳಿದಂತಾಗುತ್ತದೆ.

ಉಷ್ಣವಲಯದ ಆಕಾಶಕ್ಕೆ ಇನ್ನೊಂದು ಅನುಕೂಲವಿದೆ. ಇಲ್ಲಿ ಸಂಧಿಪ್ರಕಾಶ ಬೇಗ ಮುಗಿಯುತ್ತದೆ ಮತ್ತು ಕ್ರಾಂತಿವೃತ್ತ ದಿಗಂತದಿಂದ ಕಡಿದಾಗಿ ಮೇಲೇಳುತ್ತದೆ. ಸೂರ್ಯನಿಗೆ ಹತ್ತಿರವಿರುವ ಧೂಮಕೇತುವನ್ನು ಹುಡುಕುವವನಿಗೆ ಇವೆರಡೂ ನೆರವಾಗುತ್ತವೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಬೆಂಗಳೂರಿನಂಥ ಬೆಳಕುತುಂಬಿದ ನಗರದಿಂದಲೂ ಕಂಡಿತು. ಬೆಂಗಳೂರಿನ ಛಾಯಾಚಿತ್ರಗಳು ಎಲ್ಲೆಡೆ ಹರಡಿದವು. ನೂರು ಕಿಲೋಮೀಟರಿನಾಚೆಯ ಕತ್ತಲ ಬಯಲುಗಳಿಂದ ಅದು ಇನ್ನೂ ಚೆನ್ನಾಗಿ ಕಾಣಬಲ್ಲದೆಂಬುದನ್ನು ಅಲ್ಲಿನವರಿಗೆ ಮುಂಚಿತವಾಗಿ ತಿಳಿಸುವ ಕನ್ನಡ ಗದ್ಯದ ಅಗತ್ಯ ಆಗ ಎದ್ದುಕಂಡಿತು.

4. ಮಳೆನಕ್ಷತ್ರಗಳೆಂಬ ಸಿದ್ಧ ಭೂಪಟ

ಈ ಕೊರತೆಯನ್ನು ತುಂಬಲು ಹೊಸ ಪರಿಭಾಷೆಯನ್ನು ಸೃಷ್ಟಿಸಬೇಕಾಗಿಲ್ಲ. ಮಳೆಯಾಶ್ರಿತ ಬೇಸಾಯದ ಈ ನಾಲ್ಕು ತಾಲ್ಲೂಕುಗಳಲ್ಲಿ ರೈತನ ಕಾಲಗಣನೆ ನಕ್ಷತ್ರಗಳ ಹೆಸರಿನಲ್ಲಿಯೇ ನಡೆದುಬಂದಿದೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂಬ ಸರಣಿ ಅವನಿಗೆ ಬಾಯಿಪಾಠ. ಸೂರ್ಯ ಒಂದೊಂದು ನಕ್ಷತ್ರದ ಭಾಗದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳೇ ಆ ಮಳೆಯ ಅವಧಿ. ಪುನರ್ವಸು ಮಳೆ ಎಂದರೆ ಜುಲೈ ತಿಂಗಳಲ್ಲಿ ಸೂರ್ಯ ಪುನರ್ವಸುವಿನಲ್ಲಿರುವ ಕಾಲ. ಆಗ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಸುಮಾರು ಆರು ತಿಂಗಳ ನಂತರ ಅದೇ ನಕ್ಷತ್ರ ನಡುರಾತ್ರಿಯ ಆಕಾಶದಲ್ಲಿ ಎತ್ತರಕ್ಕೆ ಬರುತ್ತದೆ. ರೈತನಿಗೆ ನಕ್ಷತ್ರದ ಹೆಸರು ಗೊತ್ತಿದೆ. ಅದರ ಮುಖವನ್ನು ತೋರಿಸುವ ಕೆಲಸವಷ್ಟೇ ಉಳಿದಿದೆ.

ಈ ದೃಷ್ಟಿಯಿಂದ ಉಲ್ಕಾವೃಷ್ಟಿಗಳ ಹೆಸರುಗಳನ್ನು ಮರುಪರಿಶೀಲಿಸಬಹುದು. ಜೆಮಿನಿಡ್‌ಗಳು ಹೊಮ್ಮುವುದು ಪುನರ್ವಸುವಿನ ಬಳಿಯಿಂದ. ಒರಿಯಾನಿಡ್‌ಗಳು ಆರ್ದ್ರೆಗೆ ತುಸು ಉತ್ತರದಿಂದ. ನವೆಂಬರ್ 17ರ ಸುಮಾರಿನ ಲಿಯೊನಿಡ್‌ಗಳು ನಡುರಾತ್ರಿಯ ಹೊತ್ತಿಗೆ ಪೂರ್ವದಲ್ಲಿ ಮೂಡುವ ಮಘೆಯ ಬಳಿಯಿಂದ. ಈಟ ಅಕ್ವೇರಿಡ್‌ಗಳು ಶತಭಿಷದ ಸಮೀಪದಿಂದ. 'ಜೆಮಿನಿಡ್ಸ್' ಎಂಬ ಲಿಪ್ಯಂತರಣ ಓದುಗನಿಗೆ ದಿಕ್ಕನ್ನು ತೋರಿಸದು. 'ಪುನರ್ವಸುವಿನ ಉಲ್ಕೆಗಳು' ಎಂದೊಡನೆ ದಿಕ್ಕೂ ಹೊತ್ತೂ ಅವನ ಕೈಗೆ ಸಿಗುತ್ತವೆ. ಅಂತರರಾಷ್ಟ್ರೀಯ ಹೆಸರನ್ನು ಬಿಡಬೇಕೆಂದಲ್ಲ, ಅದರ ಜೊತೆಗೆ ಸ್ಥಳೀಯ ಗುರುತನ್ನು ಕೊಡಬೇಕೆಂದು.

ನಕ್ಷತ್ರಗಳ ಹೆಸರನ್ನು ಬಳಸಿದರೆ ಫಲಜ್ಯೋತಿಷಕ್ಕೆ ಬಾಗಿಲು ತೆರೆದಂತಾಗುವುದೆಂಬ ಆಕ್ಷೇಪ ಬರಬಹುದು. ವೈಚಾರಿಕ ಪರಂಪರೆಯ ಲೇಖಕರಲ್ಲಿ ಈ ಹಿಂಜರಿಕೆ ಇರುವುದಕ್ಕೆ ಕಾರಣವೂ ಇದೆ. ಆದರೆ ಮಳೆನಕ್ಷತ್ರಗಳ ಲೆಕ್ಕ ಮೂಲತಃ ಸೌರಮಾನದ ಋತುಗಣನೆ, ಜಾತಕಕ್ಕಿಂತ ಭಿನ್ನವಾದದ್ದು. ಅದನ್ನು ಜ್ಯೋತಿಷಿಗೆ ಬಿಟ್ಟುಕೊಟ್ಟು ವಿಜ್ಞಾನ ಲೇಖಕ ಗ್ರೀಕ್ ಹೆಸರುಗಳ ಹಿಂದೆ ಸರಿದುನಿಂತರೆ ನಷ್ಟವಾಗುವುದು ವಿಜ್ಞಾನಕ್ಕೆ. ಕೊಳವೆಬಾವಿಯ ಬೇಸಾಯ ಹರಡಿದಂತೆ ಈ ಗಣನೆಯೇ ಮುಂದಿನ ತಲೆಮಾರಿನ ನೆನಪಿನಿಂದ ಜಾರುತ್ತಿರುವಾಗ ಈ ನಷ್ಟ ಇನ್ನೂ ದೊಡ್ಡದು.

5. ನೆಲಕ್ಕೆ ಬಿದ್ದ ಕಲ್ಲು

ಪಾರಿಭಾಷಿಕ ಶಿಥಿಲತೆ ಹೆಚ್ಚು ತೊಂದರೆ ಕೊಡುವುದು ಉಲ್ಕೆಗಳ ವಿಷಯದಲ್ಲಿ. ಅಂತರಿಕ್ಷದಲ್ಲಿ ಚಲಿಸುವ ಚೂರು, ವಾಯುಮಂಡಲದಲ್ಲಿ ಸುಮಾರು 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ ಅದು ಬೆಳಗುವ ಗೆರೆ, ನೆಲಕ್ಕೆ ತಲುಪಿದ ಕಲ್ಲು ಇವು ಮೂರು ಬೇರೆ ಸಂಗತಿಗಳು. ಉಲ್ಕಾಕಾಯ, ಉಲ್ಕೆ, ಉಲ್ಕಾಶಿಲೆ ಎಂದು ವಿಂಗಡಿಸಿಕೊಂಡರೆ ಗೊಂದಲವಿಲ್ಲ. ಪತ್ರಿಕಾ ಬರಹಗಳಲ್ಲಿ ಮೂರಕ್ಕೂ 'ಉಲ್ಕೆ' ಅಥವಾ 'ಉಲ್ಕಾಪಿಂಡ' ಎಂಬ ಒಂದೇ ಪದ ಬರುತ್ತದೆ. ಸಂಸ್ಕೃತದ ಉಲ್ಕಾ ಎಂದರೆ ಕೊಳ್ಳಿ, ಪಂಜು. ಆ ಅರ್ಥದಲ್ಲಿ ಅದು ಬೆಳಕಿಗೆ ಮಾತ್ರ ಸಲ್ಲುವ ಹೆಸರು.

ಕನ್ನಡ ನಾಡಿನಲ್ಲಿ ಉಲ್ಕಾಶಿಲೆಗಳು ಬಿದ್ದಿರುವುದು ದಾಖಲಾಗಿದೆ. 1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯಲ್ಲಿ ಬಿದ್ದ, 'ಮುದ್ದೂರ್' ಎಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಾದ ಶಿಲೆ ಹಾಗೂ 1866ರ ಏಪ್ರಿಲ್‌ನಲ್ಲಿ ಬಿದ್ದ ಉಡುಪಿಯ ಶಿಲೆ ಇದಕ್ಕೆ ನಿದರ್ಶನಗಳು. ಎರಡೂ ಕಾಂಡ್ರೈಟ್ ವರ್ಗದವು. ಜನಪ್ರಿಯ ಲೇಖನಗಳಲ್ಲಿ ಸೈಬೀರಿಯದ ತುಂಗುಸ್ಕ, ಅಮೆರಿಕದ ಅರಿಜೋನ ಕುಳಿ, ಹೆಚ್ಚೆಂದರೆ ಮಹಾರಾಷ್ಟ್ರದ ಲೋಣಾರ್ ಸರೋವರ ಬರುತ್ತವೆ. ಈ ಎರಡು ಹೆಸರುಗಳು ಕಾಣುವುದು ಅಪೂರ್ವ.

ನಾಲ್ಕು ತಾಲ್ಲೂಕುಗಳ ನೆಲದ ಸ್ವರೂಪ ಈ ವಿವೇಚನೆಗೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಮಧುಗಿರಿಯ ಏಕಶಿಲೆಯ ಬೆಟ್ಟದಿಂದ ಪಾವಗಡದವರೆಗೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಅಷ್ಟು ಪುರಾತನವಾದ ಬಂಡೆಗಿಂತಲೂ ಸಾಮಾನ್ಯ ಕಾಂಡ್ರೈಟ್ ಶಿಲೆ ಹಿರಿದು. ಅದರ ವಯಸ್ಸು ಸುಮಾರು 456 ಕೋಟಿ ವರ್ಷ. ಸೌರವ್ಯೂಹದ ಪ್ರಾಚೀನತೆಯನ್ನು ಮನಗಾಣಿಸಲು ಮಧುಗಿರಿಯ ವಿದ್ಯಾರ್ಥಿಗೆ ಕಿಟಕಿಯಾಚೆಯ ಬೆಟ್ಟವೇ ಅಳತೆಗೋಲಾಗಬಹುದು. ಇದೇ ನೆಲದಲ್ಲಿ ಕಪ್ಪು ಡಾಲರೈಟ್ ಕಲ್ಲುಗಳೂ ಇವೆ. ಫ್ರಾನ್ಸಿಸ್ ಬುಕಾನನ್ 1800–01ರ ತನ್ನ ಪ್ರವಾಸದಲ್ಲಿ ಮಧುಗಿರಿ, ಚನ್ನರಾಯನದುರ್ಗಗಳ ಸೀಮೆಯಲ್ಲಿ ಕಬ್ಬಿಣ ಕರಗಿಸುವ ಕಸುಬನ್ನು ದಾಖಲಿಸಿದ್ದಾನೆ. ಅಂಥ ಕುಲುಮೆಗಳಿಂದ ಉಳಿದ ಕಿಟ್ಟ ತೂಕದಲ್ಲೂ ಬಣ್ಣದಲ್ಲೂ ಉಲ್ಕಾಶಿಲೆಯೆಂಬ ಭ್ರಮೆ ಹುಟ್ಟಿಸಬಲ್ಲದು. ಆದ್ದರಿಂದ ಇಲ್ಲಿನ ಓದುಗನಿಗೆ ಬೇಕಾದದ್ದು ಗುರುತಿಸುವ ಲಕ್ಷಣಗಳು: ಹೊರಮೈಯಲ್ಲಿ ಕರಗಿ ಹೆಪ್ಪುಗಟ್ಟಿದ ತೆಳುವಾದ ಕಪ್ಪು ಸಿಪ್ಪೆ, ಒಳಗೆ ತಿಳಿಬಣ್ಣ, ಅಲ್ಲಲ್ಲಿ ಲೋಹದ ಕಣಗಳು, ಅವುಗಳಲ್ಲಿ ನಿಕ್ಕಲ್ ಅಂಶ. ಕಿಟ್ಟದಲ್ಲಿ ಗಾಳಿಗುಳ್ಳೆಗಳ ರಂಧ್ರಗಳಿರುತ್ತವೆ. ಉಲ್ಕಾಶಿಲೆಯಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ಸಂಶಯ ಬಂದ ಕಲ್ಲನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಲುಪಿಸಬೇಕೆಂಬುದೂ ಈ ಗದ್ಯದ ಭಾಗವಾಗಬೇಕು.

6. ಕ್ಷುದ್ರವೆಂಬ ವಿಶೇಷಣ ಮತ್ತು ಹೊಸ ಭಯ

ಪಿಯಾಜಿ 1801ರ ಜನವರಿ 1ರಂದು ಸಿರೀಸನ್ನು ಕಂಡಂದಿನಿಂದ ಬೆಳೆದ ಕಾಯಸಮೂಹಕ್ಕೆ ಕನ್ನಡದಲ್ಲಿ ಕ್ಷುದ್ರಗ್ರಹ, ಕಿರುಗ್ರಹ, ಲಘುಗ್ರಹ ಎಂಬ ಹೆಸರುಗಳು ಚಲಾವಣೆಗೆ ಬಂದವು. ನಿಂತದ್ದು ಮೊದಲನೆಯದು. ಕ್ಷುದ್ರ ಎಂದರೆ ಚಿಕ್ಕದು ಎಂಬ ಅರ್ಥ ಸಂಸ್ಕೃತದಲ್ಲಿದ್ದರೂ ಕನ್ನಡದಲ್ಲಿ ಅದು ನೀಚ, ಕೇಡಿಗ ಎಂಬ ಧ್ವನಿಯನ್ನೇ ಹೆಚ್ಚಾಗಿ ಹೊರಡಿಸುತ್ತದೆ. 2006ರಲ್ಲಿ ಸಿರೀಸ್ ಕುಬ್ಜಗ್ರಹಗಳ ಸಾಲಿಗೆ ಸೇರಿದ ಮೇಲೆ ಕಿರುಗ್ರಹ, ಕುಬ್ಜಗ್ರಹಗಳ ನಡುವೆಯೂ ಗೊಂದಲ ಉಂಟಾಯಿತು.

ಈ ಕಾಯಗಳ ಶೋಧಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೆ ಸ್ಥಾನವಿದೆ. ನಾರ್ಮನ್ ಪಾಗ್ಸನ್ 1861ರಲ್ಲಿ ಮದರಾಸಿನ ವೀಕ್ಷಣಾಲಯದಿಂದ 67ನೆಯ ಕ್ಷುದ್ರಗ್ರಹವನ್ನು ಕಂಡು ಅದಕ್ಕೆ 'ಏಷ್ಯಾ' ಎಂದು ಹೆಸರಿಟ್ಟ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನಲ್ಲಿ 1988ರ ಫೆಬ್ರವರಿಯಲ್ಲಿ ಆರ್. ರಾಜಮೋಹನ್ ಮತ್ತು ಸಂಗಡಿಗರು ಕಂಡ ಕಾಯ '4130 ರಾಮಾನುಜನ್' ಎಂದು ಹೆಸರಾಯಿತು. ಆ ಸಂಸ್ಥೆಯ ಶಿಲ್ಪಿ ವೇಣು ಬಾಪು 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಧೂಮಕೇತುವೊಂದರ ಸಹಶೋಧಕರಾಗಿದ್ದರು. ಕಾವಲೂರಿನ ಅಕ್ಷಾಂಶ ಸುಮಾರು 12.6 ಡಿಗ್ರಿ, ಕೊರಟಗೆರೆಯ ಆಕಾಶಕ್ಕೂ ಅದರ ಆಕಾಶಕ್ಕೂ ಹೆಚ್ಚಿನ ಅಂತರವಿಲ್ಲ. ಇಂಥ ಸಂಗತಿಗಳನ್ನು ಹೇಳದ ಗದ್ಯ ಶೋಧವೆಂಬುದು ಯಾವಾಗಲೂ ಬೇರೆಯವರ ಆಕಾಶದಲ್ಲಿ ನಡೆಯುವ ಕ್ರಿಯೆಯೆಂಬ ಭಾವನೆಯನ್ನು ಉಳಿಸುತ್ತದೆ.

ಹಳೆಯ ಭಯ ಹೋದಲ್ಲಿ ಹೊಸ ಭಯ ನೆಲೆಸಿರುವುದು ಕ್ಷುದ್ರಗ್ರಹಗಳ ಸುತ್ತಲೇ. 2024 ವೈಆರ್4 ಎಂಬ ಕಾಯ 2032ರಲ್ಲಿ ಭೂಮಿಗೆ ಅಪ್ಪಳಿಸುವ ಸಾಧ್ಯತೆಯ ಅಂದಾಜು 2025ರ ಫೆಬ್ರವರಿಯಲ್ಲಿ ಶೇಕಡ 3.1ರವರೆಗೆ ಏರಿ, ಅದೇ ತಿಂಗಳಲ್ಲಿ ನಗಣ್ಯ ಮಟ್ಟಕ್ಕೆ ಇಳಿಯಿತು. ವೀಕ್ಷಣೆಗಳು ಹೆಚ್ಚಿದಂತೆ ಪಥದ ಅನಿಶ್ಚಿತತೆ ಕುಗ್ಗುವುದು, ಆ ಪ್ರಕ್ರಿಯೆಯಲ್ಲಿ ಸಂಭವನೀಯತೆ ಮೊದಲು ಏರಿ ಬಳಿಕ ಥಟ್ಟನೆ ಇಳಿಯುವುದು ಸಹಜ ಕ್ರಮ. ಏರಿಕೆಯನ್ನು ದೊಡ್ಡಕ್ಷರಗಳಲ್ಲಿ ಹೇಳಿ ಇಳಿಕೆಯನ್ನು ಮೂಲೆಗೆ ಸರಿಸುವ ವರದಿ ಸಂಹಿತೆಗಳ ಉತ್ಪಾತಫಲಕ್ಕಿಂತ ಬಹಳ ಭಿನ್ನವಾಗಿಲ್ಲ. 2029ರ ಏಪ್ರಿಲ್ 13ರಂದು ಸುಮಾರು 340 ಮೀಟರ್ ಗಾತ್ರದ ಅಪೋಫಿಸ್ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ, ಎಂದರೆ ಭೂಸ್ಥಿರ ಉಪಗ್ರಹಗಳಿಗಿಂತಲೂ ಹತ್ತಿರದಲ್ಲಿ, ಹಾದುಹೋಗಲಿದೆ. ಮುಂದಿನ ನೂರು ವರ್ಷಗಳಲ್ಲಿ ಅದರಿಂದ ಅಪಾಯವಿಲ್ಲವೆಂಬುದು 2021ರ ರೇಡಾರ್ ವೀಕ್ಷಣೆಗಳಿಂದ ಖಚಿತವಾಗಿದೆ. ಆ ದಿನಕ್ಕೆ ಕನ್ನಡ ಗದ್ಯ ಯಾವ ಮಾತುಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ ಎಂಬುದು ಅದರ ನೂರು ವರ್ಷಗಳ ಸಾಧನೆಯ ಪರೀಕ್ಷೆಯಾಗಲಿದೆ.

ತಿಳಿವಳಿಕೆಗೆ ವ್ಯಾವಹಾರಿಕ ಬೆಲೆಯೂ ಇದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನ ಮೇಲೆ ಸುಮಾರು 20 ಮೀಟರ್ ಗಾತ್ರದ ಕಾಯ ಸ್ಫೋಟಿಸಿದಾಗ ಸುಮಾರು 1,500 ಜನ ಗಾಯಗೊಂಡರು. ಬಹುತೇಕ ಗಾಯಗಳು ಒಡೆದ ಗಾಜಿನಿಂದಾದವು. ಬೆಳಕು ಮೊದಲು ಬರುತ್ತದೆ, ಆಘಾತದ ಅಲೆ ನಿಮಿಷಗಳ ನಂತರ ತಲುಪುತ್ತದೆ; ಬೆಳಕನ್ನು ಕಂಡವರು ಕಿಟಕಿಯ ಬಳಿ ನಿಲ್ಲಬಾರದು. ಇಷ್ಟನ್ನು ಹೇಳಬಲ್ಲ ಒಂದು ವಾಕ್ಯ ಲೋಕಾಂತ್ಯದ ಹತ್ತು ಶೀರ್ಷಿಕೆಗಳಿಗಿಂತ ಉಪಯುಕ್ತ.

ಒಟ್ಟಿನಲ್ಲಿ, ಧೂಮಕೇತು ಅನಿಷ್ಟವಲ್ಲವೆಂದು ಕನ್ನಡ ವಿಜ್ಞಾನ ಗದ್ಯ ತನ್ನ ಓದುಗನಿಗೆ ಮನಗಾಣಿಸಿದೆ. ಅದು ಅವನ ಆಕಾಶದಲ್ಲಿ ಎಲ್ಲಿದೆ ಎಂದು ಹೇಳುವ ಹೊಣೆ ಬಹುಮಟ್ಟಿಗೆ ಬಾಕಿ ಉಳಿದಿದೆ. ಏಕರೂಪದ ಪರಿಭಾಷೆ ಪಠ್ಯಪುಸ್ತಕಕ್ಕೆ ಅಗತ್ಯವೆಂಬುದರಲ್ಲಿ ವಿವಾದವಿಲ್ಲ. ಅದರ ಪಕ್ಕದಲ್ಲಿ ಬಾಲಚುಕ್ಕಿಗೂ ತೋಕಚುಕ್ಕಕ್ಕೂ ಮಳೆನಕ್ಷತ್ರಗಳಿಗೂ ಸ್ಥಾನ ಕೊಟ್ಟರೆ ಪರಿಭಾಷೆ ಸಡಿಲವಾಗುವುದಿಲ್ಲ, ನೆಲೆಗೊಳ್ಳುತ್ತದೆ. ಆಯಾ ತಾಲ್ಲೂಕಿನ ಅಕ್ಷಾಂಶ, ಋತು, ದಿಕ್ಕುಗಳಿಗೆ ಹೊಂದಿಸಿದ ಒಂದು ವಾರ್ಷಿಕ ಆಕಾಶದರ್ಶಿಕೆ ಶಾಲಾ ಗ್ರಂಥಾಲಯಗಳಿಗೆ ತಲುಪುವುದು ದೊಡ್ಡ ವೆಚ್ಚದ ಕೆಲಸವಲ್ಲ. ಮೇ ತಿಂಗಳ ಮೊದಲ ವಾರದ ಬೆಳಗಿನ ಜಾವ, ಡಿಸೆಂಬರ್ ನಡುವಿನ ನಡುರಾತ್ರಿ ಎಂಬ ಎರಡು ಹೊತ್ತುಗಳನ್ನು ಗುರುತುಮಾಡಿ ಕೊಟ್ಟರೂ ಸಾಕು. ಊರುಗಳ ಬೀದಿದೀಪಗಳು ಹೆಚ್ಚುವ ಮುನ್ನ, ಶಿರಾ ಪಾವಗಡಗಳ ಬಯಲಿನ ಕತ್ತಲೆ ಇನ್ನೂ ಉಳಿದಿರುವಾಗ, ಆ ಕೆಲಸ ಆಗಬೇಕು.